ಎರಡು ಗಂಟೆಯ ಬಿ.ಪಿ.

ಬುಧವಾರ, ಜೂನ್ ೧೨

ಅಮ್ಮಾ,

ಗಾಬರಿಯಾಗಬೇಡ, ಆದರೆ ಕೂತುಕೊಂಡೇ ಓದು. ನಾಳೆಯೇ ನಿನ್ನ ಕೈ ಸೇರಲೆಂದು ಇದನ್ನು ರಾತ್ರಿ ಬಸ್ಸಿನವರ ಕೈಯಲ್ಲಿ ಕಳಿಸುತ್ತಿದ್ದೇನೆ. ಚಿಕ್ಕಮ್ಮ ಫೋನಿನಲ್ಲಿ ಹೇಳಿದ್ದೆಲ್ಲ ನಿಜ. ಶುಕ್ರವಾರ ಹತ್ತು ಗಂಟೆಗೆ ನನ್ನ ಮೇಲೆ ವಿಚಾರಣೆ ಇದೆ. ಕೆಲಸ ಹೋದರೂ ಹೋಗಬಹುದು.

ಸೋಮವಾರ, ನೀನು ನರ್ಸಾಗಿದ್ದ ಅದೇ ಹಳೆಯ ವಾರ್ಡಿನಲ್ಲಿ ಮೂವತ್ತೆಂಟು ರೋಗಿಗಳಿಗೆ ನಾನೊಬ್ಬಳೇ ನರ್ಸ್. ಜೊತೆಯವಳನ್ನು ಆಪರೇಷನ್ ಥಿಯೇಟರಿಗೆ ಎಳೆದುಕೊಂಡಿದ್ದರು. ಡಾಕ್ಟರಮ್ಮ ಮೂವತ್ತು ಗಂಟೆಯಿಂದ ಡ್ಯೂಟಿಯಲ್ಲಿದ್ದರು; ಪಾಪ, ಗೋಡೆಗೊರಗಿ ನಿಂತಲ್ಲೇ ತೂಕಡಿಸುತ್ತಿದ್ದರು. ಮಧ್ಯಾಹ್ನ ಹನ್ನೆರಡಕ್ಕೆ ಬಿ.ಪಿ. ನೋಡುವಾಗಲೇ ನಾನು ಚಾರ್ಟಿನಲ್ಲಿ ಎರಡು ಗಂಟೆಯ ಕಾಲಂ ಕೂಡ ತುಂಬಿಬಿಟ್ಟೆ. ಆಮೇಲೆ ಪುರುಸೊತ್ತು ಸಿಗುವುದಿಲ್ಲವೆಂದು ಗೊತ್ತಿತ್ತು. ತಪಾಸಣೆಗೆ ಬಂದವರು ಖಾಲಿ ಕಾಲಂ ಕಂಡರೆ ನಮ್ಮ ವಾರ್ಡಿನ ಅಂಕ ಕಳೆಯುತ್ತಾರೆ, ಸುಳ್ಳು ಕಾಲಮನ್ನು ಯಾರೂ ಕೇಳುವುದಿಲ್ಲ.

ಹನ್ನೊಂದನೇ ಹಾಸಿಗೆಯ ಹೆಂಗಸಿಗೆ ಹಿಂದಿನ ದಿನವಷ್ಟೇ ಹೊಟ್ಟೆಯ ಆಪರೇಷನ್ ಆಗಿತ್ತು. ಒಂದೂವರೆಗೆ ನೋಡಿದರೆ ಒಳಗೇ ರಕ್ತ ಸೋರಿ, ಬೆವರಿ ತಣ್ಣಗಾಗಿದ್ದಳು. ಡಾಕ್ಟರಮ್ಮ ಓಡಿಬಂದು ಚಾರ್ಟು ಎತ್ತಿದರೆ, ನಾನು ಬರೆದ ಪ್ರಕಾರ ಇನ್ನೂ ಬಾರದ ಎರಡು ಗಂಟೆಗೆ ಅವಳು ಗುಂಡುಕಲ್ಲಿನ ಹಾಗಿದ್ದಳು! ಜೀವವೇನೋ ಉಳಿಯಿತು. ಅದು ನನ್ನ ಪುಣ್ಯ, ನನ್ನ ಹೆಚ್ಚುಗಾರಿಕೆಯಲ್ಲ.

ಮರುದಿನ ಮೇಟ್ರನ್ ನನ್ನನ್ನು ಕರೆದು ಬಾಗಿಲು ಹಾಕಿಕೊಂಡರು. ಆತುರದಲ್ಲಿ ಗಡಿಯಾರ ತಪ್ಪಾಗಿ ನೋಡ್ದೆ ಅಂತ ಬರ್ದುಕೊಡಮ್ಮ, ಎಚ್ಚರಿಕೆ ಕೊಟ್ಟು ಬಿಟ್ಬಿಡ್ತೀವಿ, ಜನ ಕಡಿಮೆ ಇದ್ರು ಅನ್ನೋದೊಂದನ್ನ ಮಾತ್ರ ಎತ್ಬೇಡ ಅಂದರು.

ಎತ್ತಿದೆ ಅಮ್ಮಾ. ಹಾಳೆಯ ಎರಡೂ ಬದಿ ಬರೆದುಕೊಟ್ಟೆ. ಸುಳ್ಳು ಬರೆದವಳು ನಾನು, ಅದಕ್ಕೆ ಶಿಕ್ಷೆ ಕೊಡಿ. ಆದರೆ ಮೂವತ್ತೆಂಟು ಜನರಿಗೆ ಎರಡೇ ಕೈ ಇಟ್ಟವರು ಯಾರು, ಡಾಕ್ಟರಮ್ಮನಿಗೆ ನಿದ್ದೆ ಮಾಡಲು ಬಿಡದವರು ಯಾರು, ಅದೂ ಅದೇ ಹಾಳೆಯಲ್ಲಿ ಇರಲಿ ಎಂದೆ. ಮೇಟ್ರನ್ ಮುಖ ಹರಳೆಣ್ಣೆ ಕುಡಿದವರ ಹಾಗಾಯಿತು.

ನಿನ್ನೆಯಿಂದ ನಾನು ನೋಡದ್ದನ್ನು ಬರೆಯುತ್ತಿಲ್ಲ. ನೋಡಲು ಆಗಲಿಲ್ಲ, ಒಬ್ಬಳೇ ಇದ್ದೆ ಎಂದು ಬರೆದು ಸಹಿ ಹಾಕುತ್ತೇನೆ. ಇವತ್ತು ಅದರ ಕೆಳಗೆ ಡಾಕ್ಟರಮ್ಮನೂ ಸಹಿ ಹಾಕಿದರು. ಹೆದರಿಕೆ ಇಲ್ಲವೆಂದಲ್ಲ. ಆದರೂ ಬರೆದುಕೊಟ್ಟದ್ದನ್ನು ವಾಪಸ್ ತೆಗೆದುಕೊಳ್ಳುವವಳಲ್ಲ. ತಗ್ಗಿ ಬಗ್ಗಿ ನಡೆ ಎಂದು ನೀನು ಉತ್ತರ ಬರೆದರೆ ಹರಿದುಹಾಕುತ್ತೇನೆ.

ಇಂತಿ,
ನಿನ್ನ ಮೊಂಡು ಮಗಳು

ತಾ.ಕ.: ಮುಂಚೆಯೇ ತುಂಬಿಡೋದನ್ನ ನಿಂಗೆ ಯಾರು ಕಲಿಸಿದ್ರು ಅಂತ ಮೇಟ್ರನ್ ಎರಡು ಸಲ ಕೇಳಿದರು. ನಾನು ಬಾಯಿ ಬಿಡಲಿಲ್ಲ. ನೀನು ರಿಟೈರ್ ಆದ ವರ್ಷ, ನನ್ನ ಕೆಲಸದ ಮೊದಲ ವಾರ, ಅದೇ ವಾರ್ಡಿನಲ್ಲಿ ನನ್ನ ಕೈಗೆ ಪೆನ್ನು ಕೊಟ್ಟು ಮುಂದಿನ ಕಾಲಂ ತುಂಬಿಸಿದವಳು ನೀನು. ಆಗ ನಿನಗೂ ಜೊತೆಗೆ ಯಾರೂ ಇರಲಿಲ್ಲ, ಅದೂ ನೆನಪಿದೆ. ನಿನ್ನ ಹೆಸರು ನಾನು ಹೇಳುವುದಿಲ್ಲ. ಶುಕ್ರವಾರ ನೀನೇ ಬಂದು ಹೇಳು. ಹತ್ತಕ್ಕೆ ಮುಂಚೆ ಆಸ್ಪತ್ರೆಯ ಬಾಗಿಲಲ್ಲಿ ಕಾಯುತ್ತಿರುತ್ತೇನೆ.