ಫೋಟೋದಲ್ಲಿರುವ ಕೈ ನನ್ನದಲ್ಲ

ಉಪ್ಪಾರಹಳ್ಳಿ, ತುಮಕೂರು
29-9-2002, ಭಾನುವಾರ

ಪ್ರೀತಿಯ ಯಶು,

ನೀನೂ ನಿನ್ನಮ್ಮ ನಿಂಗಮ್ಮನೋರೂ ಚೆನ್ನಾಗಿದ್ದೀರಿ ಎಂದುಕೊಂಡೇ ಶುರು ಮಾಡುತ್ತಿದ್ದೇನೆ. ನಾನು ಚೆನ್ನಾಗಿದ್ದೇನೆ ಎಂದು ಬರೆಯಲು ಈ ಸಲ ಪೆನ್ನು ಮುಂದಕ್ಕೆ ಹೋಗುತ್ತಿಲ್ಲ.

ಗೌರಿ ಹಬ್ಬದ ಬಳೆಗೆಂದು ಅಮ್ಮನ ಜೊತೆ ಹಾಗಲವಾಡಿಯಿಂದ ಶಿರಾ ಗೇಟಿನ ನಮ್ಮ ಫ್ಯಾನ್ಸಿ ಸ್ಟೋರಿಗೆ ಬಂದಿದ್ದೆ ಎಂದು ಬರೆದಿದ್ದೀಯ. ಬಿರುಕು ಬಿಡುವ ನೇಲ್ ಪಾಲಿಶ್ ಕೊಂಡು ಹೋದೆ, ಹಚ್ಚಿದರೆ ಬಿರಿಯುವುದಿಲ್ಲ, ಮುದ್ದೆಯಾಗುತ್ತದೆ, ಯಾಕೆ ಎಂದು ಕೇಳಿದ್ದೀಯ. ಕೊನೆಯಲ್ಲಿ, ಕೌಂಟರಿನ ಹಿಂದೆ ನೇತುಹಾಕಿರುವ ಫೋಟೋದಲ್ಲಿರುವುದು ಶಾಹೀನ್ ಕೈ ಎಂದು ಅಮ್ಮನಿಗೆ ಹೆಮ್ಮೆಯಿಂದ ತೋರಿಸಿದೆ ಎಂದಿದ್ದೀಯ.

ಅದು ನನ್ನ ಕೈಯಲ್ಲ ಕಣೇ. ಅದು ಇರಮ್ ಕೈ. ನನ್ನ ಮೈದುನ ಅಮೀನನ ಹೆಂಡತಿ, ಒಂದೂವರೆ ವರ್ಷದ ಹಿಂದೆ ಕುಣಿಗಲ್ಲಿನಿಂದ ಈ ಮನೆಗೆ ಬಂದ ನನ್ನ ಓರಗಿತ್ತಿ. ಇಷ್ಟು ಬರೆಯಲು ನನಗೆ ಎರಡು ವಾರ ಹಿಡಿಯಿತು.

ಮೊದಲು ಪಾಲಿಶ್ ವಿಷಯ ಮುಗಿಸುತ್ತೇನೆ. ಕೆಳಗಿನ ಬೆಳ್ಳಿ ಬಣ್ಣ ಪೂರ್ತಿ ಒಣಗಬೇಕು. ಆಮೇಲೆ ಕಪ್ಪನ್ನು ಉಗುರಿನ ಬುಡದಿಂದ ತುದಿಗೆ ಒಂದೇ ಸಲ ಎಳೆದು ಬಿಟ್ಟುಬಿಡಬೇಕು. ಎರಡನೇ ಸಲ ಬ್ರಷ್ ತಾಗಿಸಿದೆಯೋ, ಮುದ್ದೆ. ದಪ್ಪಗೆ ಹಚ್ಚಿದರೆ ಅಗಲ ಬಿರುಕು ಬರುತ್ತದೆ. ತೆಳ್ಳಗೆ ಹಚ್ಚಿದರೆ ಬೇಸಿಗೆಯಲ್ಲಿ ಕೆರೆ ಅಂಗಳ ಒಡೆದ ಹಾಗೆ ಸಣ್ಣ ಸಣ್ಣ ಬಿರುಕು. ಹತ್ತು ಬೆರಳನ್ನೂ ನಾಲ್ಕು ಸಲ ಕೆಡಿಸಿಕೊಂಡು ಇದನ್ನು ಕಂಡುಹಿಡಿದವಳು ನಾನು. ಫೋಟೋದ ಕೆಳಗೆ ಅಂಟಿಸಿರುವ ಚೀಟಿಯಲ್ಲಿ ಇದೇ ಇದೆ, ನನ್ನದೇ ಅಕ್ಷರದಲ್ಲಿ. ಏಳು ವರ್ಷ ಒಂದೇ ಬೆಂಚಿನಲ್ಲಿ ಕೂತವಳು ನೀನು. ನೀನೂ ಕೈಯನ್ನೇ ನೋಡಿದೆ, ಅಕ್ಷರ ನೋಡಲಿಲ್ಲ.

ಆಗಸ್ಟ್ ತಿಂಗಳ ನಡುವೆ ಒಂದು ಶುಕ್ರವಾರ ನಮ್ಮೆಜಮಾನರು ಜುಮ್ಮಾ ನಮಾಜ್ ಮುಗಿಸಿಕೊಂಡು ಊಟಕ್ಕೆ ಬಂದಾಗ ಒಂದು ಸ್ಯಾಂಪಲ್ ಡಬ್ಬಿ ತಂದರು. ಬೆಂಗಳೂರಿನ ಹೋಲ್‌ಸೇಲಿನವರು ಕೊಟ್ಟದ್ದಂತೆ. ಬಿರುಕು ಬಿಡುವುದು ಒಂದು, ಸಕ್ಕರೆ ಹರಳು ಅಂಟಿಸಿದ ಹಾಗೆ ಒರಟಾಗಿ ಮಿನುಗುವುದು ಒಂದು, ಮಂಜು ಕವಿದ ಗಾಜಿನಂಥದ್ದು ಇನ್ನೊಂದು. ನೀವಿಬ್ಬರೂ ಮನೆಯಲ್ಲೇ ಹಚ್ಚಿ ನೋಡಿ, ಗೌರಿ ಹಬ್ಬಕ್ಕೆ ಯಾವುದು ಓಡುತ್ತದೆ ಹೇಳಿ ಎಂದರು.

ನಿನಗೆ ಗೊತ್ತು, ಉಗುರಿಗೆ ಬಣ್ಣವಿದ್ದರೆ ನೀರು ತಾಗುವುದಿಲ್ಲ, ನಮಾಜಿಗೆ ಮುಂಚೆ ಕೈಕಾಲು ತೊಳೆಯುವ ವಜೂ ಆಗುವುದಿಲ್ಲ, ನಮಾಜ್ ಕೂಡುವುದಿಲ್ಲ. ಹಾಗಾಗಿ ನಮ್ಮ ಮನೆಯಲ್ಲಿ ಪಾಲಿಶ್ ಹಚ್ಚುವುದು ತಿಂಗಳಲ್ಲಿ ಮುಟ್ಟಾಗಿ ನಮಾಜ್ ಇಲ್ಲದ ಆ ಕೆಲವು ದಿನ ಮಾತ್ರ. ಮದುವೆಯಾಗಿ ಆರು ವರ್ಷವಾದವಳಿಗೆ ಅದು ಅಲಂಕಾರವಲ್ಲ ಯಶು. ಈ ತಿಂಗಳೂ ಇಲ್ಲ ಎಂದು ಹತ್ತು ಬೆರಳಲ್ಲಿ ಬರೆದುಕೊಂಡು ಮನೆ ತುಂಬ ಓಡಾಡಿದ ಹಾಗೆ. ಅವತ್ತು ನನಗೆ ಆ ದಿನಗಳೇ. ಇರಮ್‌ಗೂ ಅಂದೇ ಅಂತೆ. ಇಬ್ಬರಿಗೂ ಒಟ್ಟಿಗೇ ರಜಾ ಸಿಕ್ಕಿತು ಎಂದು ನಮ್ಮ ಅತ್ತೆ ಹಮೀದಾ ಅಮ್ಮಿ ನಕ್ಕರು. ಇರಮ್ ನಗಲಿಲ್ಲ. ನನಗೆ ಒಳಗೊಳಗೇ ಸಮಾಧಾನವಾಯಿತು, ಅವಳಿಗೂ ಇಲ್ಲ ಎಂದು. ಅವಳು ಜುಲೈ ಪೂರ್ತಿ ಕುಣಿಗಲ್ಲಿನ ತೌರಿನಲ್ಲಿದ್ದಳು. ಅಲ್ಲಿಂದ ಏನು ಸುದ್ದಿ ತರುತ್ತಾಳೋ ಎಂದು ನಾನು ಉಸಿರು ಬಿಗಿಹಿಡಿದಿದ್ದೆ.

ಮೂರು ದಿನ ಹಿತ್ತಿಲ ಬಾಗಿಲ ಬಿಸಿಲಿನಲ್ಲಿ ಕೂತು ಒಂದೊಂದನ್ನೇ ಹಚ್ಚಿದೆವು, ಕೆರೆದೆವು, ಮತ್ತೆ ಹಚ್ಚಿದೆವು. ನನ್ನ ಉಗುರು ನೋಡಿದ್ದೀಯಲ್ಲ, ಪಾತ್ರೆ ತಿಕ್ಕಿ ಸವೆದದ್ದು. ಅದರ ಮೇಲೆ ಕಪ್ಪು ಬಿರಿದರೆ ಗೋಡೆಯ ಸುಣ್ಣ ಉದುರಿದ ಹಾಗೆ ಕಾಣುತ್ತಿತ್ತು. ಅವಳದು ಎಳೆ ಬೆಂಡೆಕಾಯಿಯಂಥ ಬೆರಳು. ಹದ ಸಿಕ್ಕ ಮೇಲೆ ಅವಳ ಎಡಗೈಗೆ ನಾನೇ ಹಚ್ಚಿದೆ. ಕಪ್ಪು ಮೆಲ್ಲಗೆ ಸೀಳುತ್ತಾ ಒಳಗಿನ ಬೆಳ್ಳಿ ಹೊರಗೆ ಬಂತು. ಇವರು ಬಂದವರು ಬಾಗಿ ನೋಡಿದರು. ಕೈ ಮುಟ್ಟಲಿಲ್ಲ, ನೋಡಿದರು ಅಷ್ಟೆ. ಮುಖ ಬೇಡ, ಕೈ ಮಾತ್ರ ಫೋಟೋ ತೆಗೆದು ಅಂಗಡಿಯಲ್ಲಿ ಹಾಕಿದರೆ ನಿಂತ ನಿಲುವಿನಲ್ಲೇ ಮಾಲು ಖರ್ಚಾಗುತ್ತದೆ ಎಂದರು. ಅಮ್ಮಿ ಕೂಡ ಬೇಡ ಎನ್ನಲಿಲ್ಲ. ಅಮೀನ್ ಸ್ನೇಹಿತನ ಕ್ಯಾಮರಾ ತಂದು ಹಸಿರು ದುಪಟ್ಟಾದ ಮೇಲೆ ಅವಳ ಕೈ ಇಟ್ಟು ಫೋಟೋ ತೆಗೆದ. ಹಚ್ಚುವುದು ಹೇಗೆ ಅಂತ ನೀನೊಂದು ಚೀಟಿ ಬರೆದುಕೊಡು, ನಿನ್ನ ಅಕ್ಷರ ಚೆನ್ನಾಗಿದೆ ಎಂದು ಇವರು ನನಗೆ ಹೇಳಿದರು. ಬರೆದುಕೊಟ್ಟೆ.

ಏಳನೇ ದಿನ ನಾನು ಪಾಲಿಶ್ ತೆಗೆದು ಸ್ನಾನ ಮಾಡಿ ನಮಾಜಿಗೆ ನಿಂತೆ. ಇರಮ್ ತೆಗೆಯಲಿಲ್ಲ. ಎಂಟು, ಒಂಬತ್ತು, ಹತ್ತು. ಬಣ್ಣ ಚಕ್ಕೆ ಎದ್ದ ಕಡೆ ಆ ಸಕ್ಕರೆ ಹರಳಿನದನ್ನು ಮೇಲೆ ಮೇಲೆ ಬಳಿದುಕೊಳ್ಳುತ್ತಿದ್ದಳು. ಮಧ್ಯಾಹ್ನವೆಲ್ಲ ಮಲಗಿಯೇ ಇರುತ್ತಿದ್ದಳು. ಅಡುಗೆಮನೆಗೆ ಬಂದರೆ ಕಟ್ಟೆಗೆ ಒರಗಿ ನಿಲ್ಲುತ್ತಿದ್ದಳು. ಫೋಟೋ ಬಂದ ಮೇಲೆ ರಾಣಿಯಾಗಿಬಿಟ್ಟಿದ್ದಾಳೆ ಎಂದುಕೊಂಡೆ. ನಾನು ಅವಳ ಮುಖ ನೋಡಲೇ ಇಲ್ಲ ಯಶು, ಉಗುರು ನೋಡಿದೆ, ದಿನ ಎಣಿಸಿದೆ. ಹತ್ತು ದಿನ ದಾಟಿದರೆ ಏನೇ ಇದ್ದರೂ ಸ್ನಾನ ಮಾಡಿ ನಮಾಜ್ ಮಾಡಲೇಬೇಕು ಎನ್ನುವುದು ನಮ್ಮಲ್ಲಿನ ಲೆಕ್ಕ. ಹನ್ನೊಂದನೇ ದಿನ, ಸೋಮವಾರ, ಅಮ್ಮಿ ಅಕ್ಕಿ ಆರಿಸುತ್ತಾ ಕೂತಿದ್ದಾಗ ಪಕ್ಕದಲ್ಲಿ ಕೂತೆ.

“ಅಮ್ಮಿ, ಇರಮ್ ಉಗುರು ನೋಡಿದ್ರಾ? ಇವತ್ತಿಗೆ ಹನ್ನೊಂದು ದಿನ” ಎಂದೆ.

ಅಷ್ಟೇ ಹೇಳಿದ್ದು. ಅಮ್ಮಿಗೆ ಅಷ್ಟು ಸಾಕು ಎನ್ನುವುದು ನನಗೆ ಗೊತ್ತಿತ್ತು.

ಅಣ್ಣತಮ್ಮಂದಿರಿಬ್ಬರೂ ಊಟಕ್ಕೆ ಕೂತಿದ್ದಾಗಲೇ ಅಮ್ಮಿ ಅವಳನ್ನು ಕರೆದರು. ಫೋಟೋ ತೆಗೆದ ಕೈಗೆ ಇನ್ನು ನಮಾಜ್ ಬೇಡವಾಯಿತೇನು ಎಂದು ಕೇಳಿದರು. ಇವರು ತಟ್ಟೆ ನೋಡುತ್ತಾ ಕೂತರು. ಅಮೀನ್ ಏನೋ ಹೇಳಹೊರಟ, ಅವಳು ಕಣ್ಣಲ್ಲೇ ತಡೆದಳು. “ತೆಗೀತೀನಿ ಅಮ್ಮಿ” ಎಂದಷ್ಟೇ ಹೇಳಿ ಬಚ್ಚಲಿಗೆ ಹೋದಳು. ಆಮೇಲೆ ಬಿಂದಿಗೆ ಬಿದ್ದ ಸದ್ದಾಯಿತು. ನಾನೇ ಮೊದಲು ಓಡಿದ್ದು. ನೀರಿನ ಡ್ರಮ್ಮಿನ ಪಕ್ಕ ಬಿದ್ದಿದ್ದಳು. ನೆಲದ ಮೇಲೆ ಹರಿಯುತ್ತಿದ್ದ ನೀರು ಕೆಂಪಾಗಿತ್ತು.

ಆಟೋದಲ್ಲಿ ನರ್ಸಿಂಗ್ ಹೋಮಿಗೆ ಹೊತ್ತೊಯ್ದೆವು. ಪರೀಕ್ಷೆ ಮಾಡಿದ ಡಾಕ್ಟರಮ್ಮ ಹೊರಗೆ ಬಂದು ಹೇಳಿದರು: ಎರಡೂವರೆ ತಿಂಗಳು ತುಂಬಿತ್ತು, ಗರ್ಭ ನಿಂತಿಲ್ಲ, ಹೋಗಿ ಹತ್ತು ದಿನವಾದರೂ ಆಗಿದೆ, ಒಳಗೆ ಉಳಿದದ್ದರಿಂದ ರಕ್ತ ಹೋಗುತ್ತಲೇ ಇದೆ, ಈಗಲೇ ಆಪರೇಷನ್‌ಗೆ ಒಳಗೆ ಕರೆದೊಯ್ಯಬೇಕು. ಅಮೀನನಿಗೆ ಗರ್ಭದ ವಿಷಯ ಗೊತ್ತಿತ್ತು, ರಕ್ತದ್ದು ಗೊತ್ತಿರಲಿಲ್ಲ. ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬೇಡ, ಭಾಬಿಗೆ ಮಾತ್ರ ನಾನೇ ಕೂರಿಸಿಕೊಂಡು ಹೇಳುತ್ತೇನೆ ಎಂದು ಅವಳು ಆಣೆ ಹಾಕಿಸಿದ್ದಳಂತೆ. ಭಾಬಿ ಎಂದರೆ ನಾನು. ಈ ಮಾತು ಕೇಳಿ ನಾನು ಗೋಡೆ ಹಿಡಿದು ನಿಂತೆ.

ಮರಿಯಮ್ಮ ಎನ್ನುವ ನರ್ಸ್ ಬಂದು, ಇವರ ಪಾಲಿಶ್ ತೆಗೀರಿ, ಉಗುರಿನ ಬಣ್ಣ ಕಾಣಬೇಕು, ಇಲ್ಲದಿದ್ದರೆ ಡಾಕ್ಟ್ರು ಬಯ್ಯುತ್ತಾರೆ ಎಂದರು. ನಮ್ಮೆಜಮಾನರು ಎದುರಿನ ಅಂಗಡಿಯಿಂದ ರಿಮೂವರ್ ತಂದರು. ಸ್ಟ್ರೆಚರಿನ ಪಕ್ಕ ನಿಂತು ಅವಳ ಕೈ ಹಿಡಿದು ನಾನೇ ತಿಕ್ಕಿದೆ. ಬೆಳ್ಳಿಯ ಮೇಲೆ ಕಪ್ಪು, ಕಪ್ಪಿನ ಮೇಲೆ ಹರಳು. ಹರಳು ಸುಲಭಕ್ಕೆ ಬಿಡುವುದಿಲ್ಲ ಯಶು, ಹತ್ತಿಯ ಎಳೆಗಳೆಲ್ಲ ಸಿಕ್ಕಿಕೊಳ್ಳುತ್ತವೆ. ಬೇಗ ಬೇಗ ಎಂದು ಮರಿಯಮ್ಮ ಹೇಳುತ್ತಿದ್ದರು. ಕೊನೆಗೆ ಬಿಟ್ಟಿತು. ಒಳಗೆ ಉಗುರು ಕಾಗದದ ಹಾಗೆ ಬೆಳ್ಳಗಿತ್ತು.

ಇರಮ್ ಕಣ್ಣು ಬಿಟ್ಟಳು. ನಮ್ಮ ಮನೆಯ ಉರ್ದುವನ್ನು ನಿನಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಉಗುರು ಬೆಳ್ಳಗಾಗ್ತಾ ಬಂತು ಭಾಬಿ. ನೀವು ನೋಡ್ತೀರಿ ಅಂತ ಮೇಲೆ ಮೇಲೆ ಹಚ್ಚಿದೆ. ರಕ್ತ ನಿಂತೋಗತ್ತೆ, ನಿಂತ ಮೇಲೆ ಹೇಳೋಣ ಅಂತಿದ್ದೆ. ನಿಮ್ಮುಖ ನೋಡಿದ್ರೆ ಬಾಯೇ ಬರ್ತಿರ್ಲಿಲ್ಲ.”

ಅವಳನ್ನು ಒಳಗೆ ತೆಗೆದುಕೊಂಡು ಹೋದರು.

ಅವಳು ಉಳಿದಳು. ಎರಡು ಬಾಟಲಿ ರಕ್ತ ಕೊಟ್ಟರು. ಇನ್ನೊಂದು ದಿನ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರಮ್ಮ. ಅಲ್ಲಿಂದಲೇ ನನ್ನ ಶಿಕ್ಷೆ ಶುರುವಾಯಿತು. ಶಾಹೀನ್ ಸರಿಯಾದ ಹೊತ್ತಿಗೆ ಗಮನಿಸಿ ಹೇಳಿದಳು, ಇಲ್ಲದಿದ್ದರೆ ಹುಡುಗಿ ಕೈಬಿಟ್ಟು ಹೋಗುತ್ತಿದ್ದಳು ಎಂದು ಅಮ್ಮಿ ಬಂದವರಿಗೆಲ್ಲ ಹೇಳುತ್ತಾರೆ. ಕುಣಿಗಲ್ಲಿನಿಂದ ಬಂದ ಅವಳ ತಾಯಿ ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. ಇವರು ಆರು ವರ್ಷದಲ್ಲಿ ಮೊದಲ ಸಲ ಎಲ್ಲರ ಎದುರಿಗೆ ನನ್ನನ್ನು ಹೊಗಳಿದರು. ಬೇಕಾಗಿದ್ದ ಹೊಗಳಿಕೆಯೇ.

ಇಷ್ಟಾದ ಮೇಲೂ ಹೊಟ್ಟೆಕಿಚ್ಚು ಹೋಯಿತು ಎಂದುಕೊಂಡೆಯಾ? ಹೋಗಿಲ್ಲ. ಅಮ್ಮಿ ಅವಳಿಗೆ ತಲೆಗೆ ಎಣ್ಣೆ ಹಚ್ಚಿ, ಮೆಂತ್ಯದ ಲಡ್ಡು ಮಾಡಿ ಬಾಯಿಗಿಟ್ಟು, ಮುಂದಿನ ಸಲ ಖಂಡಿತ ನಿಲ್ಲುತ್ತದೆ ಎಂದು ಧೈರ್ಯ ಹೇಳುತ್ತಾರೆ. ಬಾಗಿಲ ಸಂದಿಯಲ್ಲಿ ನಿಂತು ನೋಡುವಾಗ ನನಗೆ ಏನನ್ನಿಸುತ್ತದೆ ಗೊತ್ತಾ? ಅವಳಿಗೆ ಕಳೆದುಕೊಳ್ಳುವುದಕ್ಕಾದರೂ ಒಂದಿತ್ತು. ನನಗೆ ಅದೂ ಇಲ್ಲ. ಇಂಥದ್ದನ್ನು ಬರೆಯಬಾರದು. ಬರೆಯದಿದ್ದರೆ ಇದು ನನ್ನೊಳಗೇ ಕೂತು ಇನ್ನೇನು ಮಾಡಿಸುತ್ತದೋ ಎಂದು ಹೆದರಿಕೆ.

ಆ ಹನ್ನೊಂದನೇ ದಿನ ಅಮ್ಮಿಗೆ ಹೇಳಿದಾಗ ನನ್ನ ಮನಸ್ಸಿನಲ್ಲಿ ಅವಳ ಜೀವ ಇರಲಿಲ್ಲ, ಫೋಟೋ ಇತ್ತು. ಯಾರಾದರೂ ಒಬ್ಬರಿಗೆ ಇದು ಗೊತ್ತಿರಲಿ ಎಂದೇ ನಿನಗೆ ಬರೆದೆ. ನಿಂಗಮ್ಮನೋರಿಗೆ ನನ್ನ ಸಲಾಂ ತಿಳಿಸು. ಕೈ ಯಾರದ್ದು ಎಂದು ಅವರಿಗೂ ಸರಿಯಾಗಿ ಹೇಳಿಬಿಡು.

ನಿನ್ನನ್ನು ಕಳೆದುಕೊಳ್ಳಲು ಇಷ್ಟವಿಲ್ಲದ,
ಶಾಹೀನ್

ಮರೆತ ಮಾತು: ಮರೆತದ್ದಲ್ಲ, ಬಿಟ್ಟದ್ದು. ಕವರಿಗೆ ಅಂಟು ಹಚ್ಚುವ ಮೊದಲು ಇದನ್ನು ಇರಮ್ ಕೈಗೆ ಕೊಟ್ಟೆ. ಅವಳೂ ಕುಣಿಗಲ್ಲಿನಲ್ಲಿ ಕನ್ನಡ ಶಾಲೆಗೇ ಹೋದವಳು. ಮಂಚದ ಮೇಲೆ ಕೂತು ಮೊದಲಿನಿಂದ ಕೊನೆಯವರೆಗೆ ಓದಿದಳು. ಅಮ್ಮಿಗೆ ಹೇಳಿದ್ದು ನಾನೇ ಎಂದು ಅವಳಿಗೆ ಅವತ್ತೇ ಗೊತ್ತಿತ್ತಂತೆ. ಹಾಳೆಗಳನ್ನು ಮಡಿಸಿ ನನ್ನ ಮಡಿಲಲ್ಲಿಟ್ಟು, “ಎಲ್ಲ ಸರಿಯಾಗಿ ಬರ್ದಿದೀರಿ ಭಾಬಿ. ಒಂದು ಬಿಟ್ಟಿದೀರಿ. ಡಾಕ್ಟ್ರು ಮಗು ಇಲ್ಲ ಅಂದಾಗ ಒಳಗಿನ ಬಾಗಿಲು ತೆಗ್ದೇ ಇತ್ತು. ನಾನು ನಿಮ್ಮುಖ ನೋಡ್ತಿದ್ದೆ” ಎಂದಳು. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದಳು. ಯಶು, ಅಮೀನನ ಮಾತು ಕೇಳಿ ನಾನು ಗೋಡೆ ಹಿಡಿದು ನಿಂತೆ ಎಂದು ಮೇಲೆ ಬರೆದಿದ್ದೇನಲ್ಲ, ಅದು ನಿಜ. ಅದಕ್ಕೂ ಮುಂಚೆ, ಒಂದೇ ಒಂದು ಉಸಿರಿನಷ್ಟು ಹೊತ್ತು, ನನ್ನ ಎದೆ ಹಗುರಾಗಿತ್ತು.