ಅಪ್ಪನಿಗೆ ಬಿಡಿಸಿದ ಕಾಫಿ

ಗೋಣಿಬೀಡು,
ಜನವರಿ ೨೧, ೨೦೨೫

ಪ್ರೀತಿಯ ಪಂಚಮಿ,

ಹೇಗಿದ್ದೀಯೇ? ಜೋರ್ಹಾಟ್‌ನ ಚಳಿಗೆ ಸೊಂಟನೋವು ಹೆಚ್ಚಿಲ್ಲ ತಾನೆ? ದೇವೇಂದ್ರ, ಮಗಳು ಕ್ಷೇಮವೇ? ಇಲ್ಲಿ ಅಮ್ಮ ಗಟ್ಟಿಯಾಗಿದ್ದಾಳೆ. ಅಂಗಳದಲ್ಲಿ ಕೂತು ಒಣಗಲು ಹರವಿದ ಕಾಫಿಯಿಂದ ಕೋಳಿ ಓಡಿಸುತ್ತಿದ್ದಾಳೆ.

ಮೊನ್ನೆ ಫೋನಿನಲ್ಲಿ ನೀನು, ಕಿಡ್ನಿಯಲ್ಲಿ ಮತ್ತೆ ಕಲ್ಲಾಗಿದೆ, ಬಾಳೆದಿಂಡು ಕಳಿಸು ಎಂದೆ. ನಾನು ರಕ್ತಪರೀಕ್ಷೆಯ ಮಾತೆತ್ತಿದೊಡನೆ "ಅಯ್ಯೋ ಬಿಡೇ ಅಕ್ಕಾ, ನಮ್ಮನೆ ಬಾವಿ ನೀರು ಕುಡಿದವ್ರಿಗೆಲ್ಲ ಕಲ್ಲೇ" ಎಂದು ನಕ್ಕು ಫೋನ್ ಇಟ್ಟುಬಿಟ್ಟೆ. ಕಾಗದವನ್ನು ನೀನು ಹಾಗೆ ಇಡಲಾರೆ ಎಂದು ಬರೆಯುತ್ತಿದ್ದೇನೆ. ನೀನು ಆ ಬಾವಿ ಬಿಟ್ಟು ಹದಿನೆಂಟು ವರ್ಷವಾಯಿತಲ್ಲವೇ?

ನನಗೆ ಕಲ್ಲಾದಾಗ ಚಿಕ್ಕಮಗಳೂರಿನ ಡಾಕ್ಟರು ನೀರಿನ ವಿಚಾರ ಬಿಟ್ಟು ಅಪ್ಪನ ವಿಚಾರ ಕೇಳಿದರು. ಕುತ್ತಿಗೆಯಲ್ಲಿ, ಥೈರಾಯ್ಡ್ ಹಿಂದೆ, ಅಕ್ಕಿಕಾಳಿನಂಥ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿಗಳಿವೆಯಂತೆ. ನನ್ನವು ಊದಿಕೊಂಡು, ಬೇಡದಷ್ಟು ದುಡಿದು, ಮೂಳೆಯ ಕ್ಯಾಲ್ಸಿಯಂ ತೆಗೆದು ರಕ್ತಕ್ಕೆ ಸುರಿಯುತ್ತಿವೆ. ಹೆಚ್ಚಿನವರಿಗೆ ಒಂದು ಗ್ರಂಥಿ ಕೆಟ್ಟು ಅಷ್ಟಕ್ಕೇ ಮುಗಿಯುತ್ತದೆ. ನನಗೆ ನಾಲ್ಕೂ. ಹೀಗಾದಾಗ ಅದು ಮನೆತನದಲ್ಲಿ ಹರಿದು ಬಂದದ್ದಿರಬಹುದು, ಮೇದೋಜೀರಕದಲ್ಲೋ ಮೆದುಳಿನ ಬುಡದಲ್ಲೋ ಗಡ್ಡೆ ಏಳುವ ಸಂಭವವೂ ಇರುತ್ತದೆ ಎಂದರು. ಜೀನ್ ಪರೀಕ್ಷೆಯೂ ಹೌದೆಂದಿತು.

ಆಮೇಲಿನಿಂದ ಅಪ್ಪನದೇ ಯೋಚನೆ. ಅವರ ಕಲ್ಲಿಗೆ ನಾವು ಬಾವಿಯನ್ನು ಬೈದೆವು, ಎಂದೂ ಮಾಯದ ಹೊಟ್ಟೆಹುಣ್ಣಿಗೆ ಕಾಫಿಯನ್ನು. ಅಮ್ಮ ಕಾಫಿ ಕುಡಿಯುವುದನ್ನು ಬಿಡಿಸಿದ ಮೇಲೆ, "ಊರಿಗೆಲ್ಲ ಬೆಳ್ದು ಕೊಡೋನಿಗೆ ಅರ್ಧ ಲೋಟ ಇಲ್ವಲ್ಲೇ ಸುಬ್ಬಲಕ್ಷ್ಮಿ" ಎಂದು ರೇಗಿಸುತ್ತಿದ್ದರಲ್ಲ, ಸಾಯುವವರೆಗೂ. ಎರಡೂ ಒಂದೇ ಬೇರಿನದ್ದಿರಬಹುದು ಎನ್ನುತ್ತಾರೆ ಡಾಕ್ಟರು. ಈಗ ಖಚಿತವಾಗಿ ತಿಳಿಯುವ ದಾರಿಯಿಲ್ಲ.

ನಿನ್ನನ್ನು ಎಚ್ಚರಿಸುತ್ತಿದ್ದೇನೆಯೇ, ಒಬ್ಬಳೇ ಹೆದರಲಾರದೆ ಜೊತೆ ಹುಡುಕುತ್ತಿದ್ದೇನೆಯೇ, ನನಗೇ ಸ್ಪಷ್ಟವಿಲ್ಲ. ಅಪ್ಪನಿಂದ ನಿನಗೂ ಬಂದಿರುವ ಸಂಭವ ಅರ್ಧಕ್ಕರ್ಧ. ಬಾರದಿರುವ ಸಂಭವವೂ ಅಷ್ಟೇ. ಮುಂದಿನ ತಿಂಗಳು ನನ್ನ ಕುತ್ತಿಗೆಯ ಆಪರೇಷನ್, ಚಿಂತೆ ಬೇಡ.

ದೇವೇಂದ್ರನಿಗೆ ನೆನಪು ಹೇಳು. ಮಗಳಿಗೆ ದೊಡ್ಡಮ್ಮನ ಮುತ್ತು.

ನಿನ್ನ ಅಕ್ಕ,
ವಂದನಾ

ಮ.ವಿ.: ಮೇಲೆ ಬರೆಯಲು ಕೈ ಬರಲಿಲ್ಲ. ಸ್ಕ್ಯಾನಿನಲ್ಲಿ ನನ್ನ ಮೇದೋಜೀರಕದಲ್ಲಿ ಒಂದು ಸಣ್ಣ ಗಡ್ಡೆ ಕಂಡಿದೆ. ಅಮ್ಮನಿಗೆ ಹೇಳಿಲ್ಲ. ಸಣ್ಣದಿರುವಾಗಲೇ ಸಿಕ್ಕಿತು ಎಂದರು ಡಾಕ್ಟರು. ನಿನಗೂ ಇದ್ದರೆ ಹಾಗೇ ಸಿಗಲಿ. ಕ್ಯಾಲ್ಸಿಯಂ, ಪ್ಯಾರಾಥೈರಾಯ್ಡ್ ಹಾರ್ಮೋನ್ ಎರಡನ್ನೂ ನೋಡಿಸು. ಇದರ ಜೊತೆ ಕಳಿಸಿದ ಪಾರ್ಸೆಲ್ಲಿನಲ್ಲಿ ಬಾಳೆದಿಂಡು ಇಲ್ಲ, ಹುಡುಕಬೇಡ. ಅಪ್ಪ ನೆಟ್ಟ ಗಿಡಗಳ ಕಾಫಿಪುಡಿ ಇದೆ. ಪರೀಕ್ಷೆಗೆ ರಕ್ತ ಕೊಟ್ಟು ಬಂದ ದಿನ ಪೊಟ್ಟಣ ಒಡೆದು ಒಂದು ಲೋಟ ಕುಡಿ. ಲೋಟದ ತುಂಬ.