ಐದು ಬೆರಳು ಮೇಲೆ

ಪ್ರೀತಿಯ ಅರದಜ್ಜನಿಗೆ,

ಈ ಹೆಸರು ಇಟ್ಟವಳು ನಾನಲ್ಲ, ಅದನ್ನು ಮಾತ್ರ ಆಣೆ ಮಾಡಿ ಹೇಳುತ್ತೇನೆ. ನಾನು ತರಬೇತಿಗೆ ಸೇರುವ ಹೊತ್ತಿಗಾಗಲೇ ಇಡೀ ಕಾವಲು ಪಡೆ ನಿಮ್ಮನ್ನು ಹಾಗೇ ಕರೆಯುತ್ತಿತ್ತು. ಉಳಿದವರು ಜೇಬಿಗೆ ಪೆನ್ನು ಸಿಕ್ಕಿಸಿಕೊಂಡರೆ ನೀವು ಕಬ್ಬಿಣ ಉಜ್ಜುವ ಬೆರಳುದ್ದದ ಅರ ಸಿಕ್ಕಿಸಿಕೊಳ್ಳುತ್ತಿದ್ದಿರಿ. ಆಯುಧಗಳ ಕೋಣೆಯಲ್ಲಿ ಯಾವಾಗ ಇಣುಕಿದರೂ ಎಣ್ಣೆಯ ವಾಸನೆ, ಒಂದು ಮುಕ್ಕಾದ ಲೋಟದಲ್ಲಿ ತಣ್ಣಗಾದ ಚಹಾ, ಕಬ್ಬಿಣಕ್ಕೆ ಮೂಗು ತಾಗಿಸಿ ಕೂತ ನೀವು. ಮನುಷ್ಯರ ಮುಖಕ್ಕಿಂತ ರಿವಾಲ್ವರಿನ ಮುಖವೇ ನಿಮಗೆ ಹೆಚ್ಚು ಗುರುತು ಎಂದು ನಾವು ಬೆನ್ನ ಹಿಂದೆ ನಗುತ್ತಿದ್ದೆವು. ನಿಮಗೆ ಗೊತ್ತಿತ್ತು ಅಂತ ಈಗ ಅನ್ನಿಸುತ್ತದೆ.

ನಾನು ಯಾರೆಂದು ನೆನಪಾಯಿತೇ? ಗಿಡ್ಡ ಬೆರಳಿನವಳು. ಪಡೆಗೆ ಬರುವ ಮೊದಲು ದರ್ಜಿಯ ಅಂಗಡಿಯಲ್ಲಿ ಆರು ವರ್ಷ ಅಂಗಿಗಳಿಗೆ ಕಾಜಾ ಹೊಲಿದವಳು. ಪಿಸ್ತೂಲಿನ ಹಿಡಿ ನನ್ನ ಅಂಗೈಗೆ ದಪ್ಪವಾಯಿತೆಂದು ನೀವೇ ಬೀರುವಿನ ಮೂಲೆಯಿಂದ ಹಳೆಯ ರಿವಾಲ್ವರ್ ತೆಗೆದು ಕೊಟ್ಟಿರಿ. ನಮ್ಮ ತಂಡದಲ್ಲಿ ರಿವಾಲ್ವರ್ ಇದ್ದದ್ದು ನನ್ನೊಬ್ಬಳ ಹತ್ತಿರ. ಅಭ್ಯಾಸದ ದಿನಗಳಲ್ಲಿ ಅದು ನಾನು ಹೇಳಿದ ಹಾಗೆ ಕೇಳಿತು. ಇಪ್ಪತ್ತೈದು ಮೀಟರ್ ದೂರದ ಕಪ್ಪು ವೃತ್ತದೊಳಗೆ ಗುಂಡು ಹೋಗಿ ಕೂರುತ್ತಿದ್ದವು. ಸೂಜಿ ಹಿಡಿದ ಕೈ ಸುಮ್ಮನೆ ಹೋಗುವುದಿಲ್ಲ ಎಂದು ನನ್ನೊಳಗೇ ಬೀಗಿದ್ದೆ.

ಪರೀಕ್ಷೆಯ ದಿನ ಆರಕ್ಕೆ ಆರೂ ವೃತ್ತ ದಾಟಿ ಐದು ಬೆರಳಗಲ ಮೇಲೆ ಹೋದವು. ಹದಿನೈದು ದಿನ ಬಿಟ್ಟು ಎರಡನೇ ಪರೀಕ್ಷೆ. ಮತ್ತೆ ಅದೇ, ಐದು ಬೆರಳು ಮೇಲೆ. ಮೂರನೇ ಸಲವೂ ಹೀಗಾದರೆ ಸಮವಸ್ತ್ರ ಮಡಚಿಟ್ಟು ಮನೆಗೆ ಹೋಗುವುದು, ಅದು ನಿಯಮ. ನಮಗೆ ಗುಂಡು ಹಾರಿಸಲು ಕಲಿಸುತ್ತಿದ್ದ ಗುಡುಗು ಸಾಹೇಬರು ಎಲ್ಲರೆದುರೇ ತೀರ್ಪು ಕೊಟ್ಟರು. "ಅಭ್ಯಾಸದಲ್ಲಿ ಹುಲಿ, ಪರೀಕ್ಷೆಯಲ್ಲಿ ಇಲಿ. ಹೆದರಿಕೆಗೆ ಕೈ ನಡುಗುತ್ತೆ ನಿಂಗೆ." ರಿವಾಲ್ವರಿನಲ್ಲೇ ಏನೋ ಇದೆ ಸರ್ ಎಂದೆ. "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ" ಎಂದರು. ಎಲ್ಲರೂ ನಕ್ಕರು. ಅಜ್ಜ, ಆ ನಗುವನ್ನು ಹೇಗೋ ನುಂಗಿಕೊಂಡೆ. ಆದರೆ ಮರುದಿನ ಬೆಳಿಗ್ಗೆ ನನ್ನದೇ ಅಂಗಿಯ ಗುಂಡಿ ಹಾಕಿಕೊಳ್ಳಲು ಹೋದಾಗ ಬೆರಳು ನಿಜವಾಗಿಯೂ ನಡುಗಿತು. ಕೆಲಸ ಹೋದರೆ ಹೋಗಲಿ, ಇನ್ನೊಂದು ಹುಡುಕಿಕೊಳ್ಳಬಹುದು. ನನ್ನ ಕೈಯ ಮೇಲೆ ನನಗಿದ್ದ ನಂಬಿಕೆ ಹೋದರೆ ಯಾವ ಮುಖ ಹೊತ್ತು ಸೂಜಿಗಾದರೂ ವಾಪಸು ಹೋಗುವುದು?

ಹೊಡೆದು ಮುಗಿದ ಗುರಿಕಾಗದಗಳನ್ನು ನೀವು ಸಲಕರಣೆ ಸುತ್ತಿಡಲು ಒಯ್ಯುತ್ತಿದ್ದಿರಿ. ನನ್ನ ಪುಣ್ಯಕ್ಕೆ ಆ ಸಲ ಸುತ್ತುವ ಮೊದಲು ಬಿಡಿಸಿ ನೋಡಿದಿರಿ. ಕರೆಸಿದಿರಿ. ಕಾಗದದ ತೂತುಗಳ ಮೇಲೆ ಒಂದು ಬೆಂಕಿಪೊಟ್ಟಣ ಇಟ್ಟಿರಿ. ಆರೂ ಅದರಡಿ ಮುಚ್ಚಿಹೋದವು.

"ನಡುಗೋ ಕೈ ಇಷ್ಟು ಒತ್ತಟ್ಟಿಗೆ ಹೊಡೆಯುತ್ತೇನಮ್ಮಾ? ನಡುಗಿದ್ರೆ ಊರೆಲ್ಲಾ ಚೆಲ್ಲಾಪಿಲ್ಲಿ ಆಗ್ಬೇಕಿತ್ತು. ಪರೀಕ್ಷೆಗೆ ಯಾವ ಡಬ್ಬಿ ಒಡೆದ್ರು?"

ಹೊಸ ಡಬ್ಬಿ ಎಂದೆ. ಅಭ್ಯಾಸಕ್ಕೆ ಹಳೆಯ ದಾಸ್ತಾನು ಖಾಲಿ ಮಾಡುತ್ತಿದ್ದರು, ಪರೀಕ್ಷೆಗೆ ಮಾತ್ರ ಹೊಸದು. ನೀವು ಎದ್ದು ಎರಡೂ ಡಬ್ಬಿಯ ಗುಂಡುಗಳನ್ನು ಅಂಗೈಯಲ್ಲಿ ತೂಗಿ ನೋಡಿದಿರಿ. ಹೊಸದೇ ಭಾರ ಎಂದಿರಿ. ನಿಮ್ಮ ಮುಖ ಇಳಿದುಹೋದದ್ದನ್ನು ಕಂಡೆ, ಕಾರಣ ತಿಳಿಯಲಿಲ್ಲ.

ಅಂದು ಮಧ್ಯಾಹ್ನ ಗುಡುಗು ಸಾಹೇಬರನ್ನೂ ಕರೆದು ಮೈದಾನಕ್ಕೆ ಹೊರಟಿರಿ. ನನಗೆ ಕಾಣದ ಹಾಗೆ ರಿವಾಲ್ವರಿಗೆ ಮೂರು ಹಳೆಯ, ಮೂರು ಹೊಸ ಗುಂಡು ತುಂಬಿ, ಎಲ್ಲವನ್ನೂ ಒಂದೇ ಗುರಿಗೆ ಹೊಡಿ ಎಂದಿರಿ. ಹೊಡೆದೆ. ಮೂರು ತೂತು ವೃತ್ತದ ನಡುವೆ, ಉಳಿದ ಮೂರೂ ಐದು ಬೆರಳು ಮೇಲೆ. ಸಾಹೇಬರು ನಂಬಲಿಲ್ಲ. "ಹೊಸ ಗುಂಡು ಭಾರ ಇದ್ರೆ ಕೆಳಗೆ ಬೀಳ್ಬೇಕಲ್ರೀ. ಸಿಮೆಂಟ್ ಮೂಟೆ ಎಲ್ಲಾದ್ರೂ ಮೇಲಕ್ಕೆ ಹಾರುತ್ತಾ?" ನೀವು ಮತ್ತೆ ಹಾಗೇ ಮೂರು ಮೂರು ತುಂಬಿ ಅದೇ ರಿವಾಲ್ವರನ್ನು ಅವರ ಕೈಗಿತ್ತಿರಿ. ಅಷ್ಟು ದಿನ ಅದನ್ನು ಒಮ್ಮೆಯೂ ಅವರು ಮುಟ್ಟಿರಲಿಲ್ಲ ನೋಡಿ. ಅವರದ್ದೂ ಮೂರು ನಡುವೆ, ಮೂರು ಮೇಲೆ. ಗುಡುಗು ಅಲ್ಲಿಗೆ ನಿಂತಿತು.

ಆಗ ನೀವು ಹೇಳಿದ ಪಾಠವನ್ನು ಇಂದಿಗೂ ನಿಮ್ಮ ಮಾತಿನಲ್ಲೇ ಒಪ್ಪಿಸುತ್ತೇನೆ. "ಗುಂಡು ಹೊರಟ ಕೂಡ್ಲೇ ರಿವಾಲ್ವರ್ ಹಿಂದಕ್ಕೆ ಒದೆಯುತ್ತೆ, ಮೂತಿ ಮೇಲೇಳೋಕೆ ಶುರು. ಹಗುರ ಗುಂಡು ಚುರುಕು, ಮೂತಿ ಏಳೋದ್ರೊಳಗೆ ನಳಿಗೆ ಬಿಟ್ಟು ಹೋಗಿರುತ್ತೆ. ಭಾರದ್ದು ನಿಧಾನ, ಒದೆತಾನೂ ಜಾಸ್ತಿ. ಅದು ಹೊರಗೆ ಬರೋ ಹೊತ್ತಿಗೆ ಮೂತಿ ಆಕಾಶ ನೋಡ್ತಿರುತ್ತೆ. ಜೋಕಾಲಿ ಮೇಲೇರುವಾಗ ತಡವಾಗಿ ಕೈಬಿಟ್ಟವನು ಮೇಲಕ್ಕೇ ಹಾರೋದು. ದೂರ ಹೋದ್ಮೇಲೆ ಭಾರದ್ದು ಬೇಗ ಕೆಳಗಿಳಿಯುತ್ತೆ, ಸರಿ. ಇಪ್ಪತ್ತೈದು ಮೀಟರಿಗೆ ಅಷ್ಟು ಪುರಸೊತ್ತು ಎಲ್ಲಿದೆ?"

ಮಾತು ಅಲ್ಲಿಗೆ ನಿಲ್ಲಿಸಿದ್ದರೆ ನೀವು ಜಾಣರು ಅನ್ನಿಸಿಕೊಂಡು ಹೋಗುತ್ತಿದ್ದಿರಿ. ನಿಲ್ಲಿಸಲಿಲ್ಲ. ನಳಿಗೆಯ ತುದಿಯಲ್ಲಿ ಗುರಿ ನೋಡಲು ಇರುವ ಸಣ್ಣ ಏಣಿನ ಮೇಲೆ ಬೆರಳಿಟ್ಟು ಹೇಳಿದಿರಿ. "ಸಾಹೇಬ್ರೇ, ಒಂದೊಂದ್ಸಲ ನೆಲ ನಿಜವಾಗ್ಲೂ ಡೊಂಕಿರುತ್ತೆ. ಡೊಂಕು ಮಾಡಿದ್ದು ನಾನೇ. ಹಗುರ ಗುಂಡು ಬಂದಾಗ ಕೆಳಗೆ ಬೀಳ್ತಿತ್ತು ಅಂತ ಈ ಏಣನ್ನ ಅರ ಹಾಕಿ ತಗ್ಗಿಸಿದ್ದೆ. ಏಣು ತಗ್ಗಿದ್ರೆ ಮೂತಿ ಎತ್ತಿ ಗುರಿ ಹಿಡೀಬೇಕು, ಗುಂಡು ಮೇಲಕ್ಕೆ ಹೋಗುತ್ತೆ. ಯಾರನ್ನೂ ಕೇಳ್ಲಿಲ್ಲ, ಎಲ್ಲೂ ಬರೆದಿಡ್ಲಿಲ್ಲ. ಮರೆತೂಬಿಟ್ಟೆ."

ನಾನು ಏನೆಂದೆ ಎಂಬುದು ನಿಮಗೆ ನೆನಪಿದ್ದೀತು. "ಮೊದಲೇ ಹೇಳೋಕೇನಾಗಿತ್ತು ನಿಮಗೆ?" ಎಂದೆ, ಅಜ್ಜ ಅಂತಲೂ ಸೇರಿಸದೆ. "ಹೇಳ್ಬೇಕಿತ್ತಮ್ಮಾ" ಎಂದಿರಿ, ಅಷ್ಟೇ. ನೀವು ಎತ್ತರದ ಹೊಸ ಏಣು ಕೂರಿಸಿಕೊಟ್ಟಿರಿ, ಮೂರನೇ ಪರೀಕ್ಷೆಯಲ್ಲಿ ಆರೂ ನಡುವೆ ಹೋದವು. ಧನ್ಯವಾದ ಹೇಳಲಿಲ್ಲ ನಾನು. ನಿಮ್ಮ ಅರದಿಂದ ಊರಿಗೆಲ್ಲ ನಗೆಪಾಟಲಾದೆ ಎಂಬ ಉರಿ ಆರಿರಲಿಲ್ಲ. ನಮ್ಮ ತರಬೇತಿ ಮುಗಿದ ದಿನದ ಕವಾಯತಿನಲ್ಲಿ ನೀವು ಅಡುಗೆಯವರ ಸಾಲಿನಲ್ಲಿ ನಿಂತು ಚಪ್ಪಾಳೆ ತಟ್ಟುತ್ತಿದ್ದಿರಿ. ನಿಮ್ಮ ವಯಸ್ಸಿನವರೆಲ್ಲರ ಎದೆಯ ಮೇಲೆ ಪದಕವಿತ್ತು, ನಿಮ್ಮ ಕೋಟು ಬೋಳು. ಈ ಮನುಷ್ಯ ಅದನ್ನೂ ಎಲ್ಲೋ ಮರೆತು ಬಂದಿದ್ದಾನೆ ಎಂದುಕೊಂಡು ಮುಖ ತಿರುಗಿಸಿದೆ.

ಹನ್ನೆರಡು ವರ್ಷವಾಯಿತು. ಈಗ ಆ ಮೈದಾನ ನನ್ನ ಸುಪರ್ದಿಯಲ್ಲಿದೆ, ನನ್ನ ಅಂಗಿಯ ಮೇಲೂ ಒಂದು ಪದಕವಿದೆ. ಕಳೆದ ವಾರ ಹಳೆಯ ಕಡತಗಳನ್ನು ಜೋಡಿಸುವಾಗ ನನ್ನ ಹೆಸರಿನದು ಸಿಕ್ಕಿತು. ಒಳಗೆ ನಿಮ್ಮ ಅಕ್ಷರ. ಸಲಕರಣೆಯದೇ ದೋಷವೆಂದು ಲಿಖಿತವಾಗಿ ಬಾರದಿದ್ದರೆ ಹಿಂದಿನ ಎರಡು ಸೋಲು ಅಳಿಸುವಂತಿಲ್ಲ, ಏಣು ಬದಲಿಸಿ ಮೂರನೇ ಪರೀಕ್ಷೆಗೆ ನಿಲ್ಲುವಂತೆಯೂ ಇಲ್ಲ ಎಂದು ಮೇಲಿನವರು ಬರೆದಿದ್ದರಂತೆ. ನನಗೆ ಇದು ತಿಳಿದೇ ಇರಲಿಲ್ಲ. ಆ ಪತ್ರ ಬಂದ ಸಂಜೆಯೇ ನೀವು ಹೇಳಿಕೆ ಬರೆದುಕೊಟ್ಟಿದ್ದೀರಿ. ನಿಮ್ಮ ಮೇಲೆ ಪ್ರೀತಿಯಿದ್ದ ಯಾರೋ ಅಧಿಕಾರಿ "ಬಳಕೆಯಿಂದ ಸವೆದಿದೆ" ಎಂದು ತಿದ್ದಿದ್ದಾರೆ. ನೀವು ಅದನ್ನು ಹೊಡೆದುಹಾಕಿ ಪಕ್ಕದಲ್ಲಿ ಬರೆದಿದ್ದೀರಿ: "ಸವೆದಿಲ್ಲ. ನಾನು ಸವೆಸಿದ್ದು." ಅದರ ಕೆಳಗೆ ಇನ್ನೊಂದು ಶಾಯಿಯಲ್ಲಿ, ನಿವೃತ್ತಿಯ ಸೇವಾಪದಕಕ್ಕೆ ಸೂಚಿಸಿದ್ದ ನಿಮ್ಮ ಹೆಸರನ್ನು ಕೈಬಿಡಲಾಗಿದೆ ಎಂದಿದೆ.

ನಾನು ಕಂಡವರಲ್ಲಿ ನಿಮ್ಮಷ್ಟು ದೊಡ್ಡವರು ಇನ್ನೊಬ್ಬರಿಲ್ಲ, ಅಜ್ಜ. ಇದನ್ನು ಹೇಳಲು ಹನ್ನೆರಡು ವರ್ಷ ತೆಗೆದುಕೊಂಡೆನಲ್ಲ, ಅದಕ್ಕೆ ಕ್ಷಮಿಸಿ ಎಂದರೆ ಸಾಲದು. ಬರುವ ಭಾನುವಾರ ಬರುತ್ತೇನೆ. ನನ್ನ ಪದಕವನ್ನು ನಿಮಗೆ ತೊಡಿಸುವ ನಾಟಕವನ್ನೇನೂ ಆಡುವುದಿಲ್ಲ, ಹೆದರಬೇಡಿ. ಬೈಯುವುದಿದ್ದರೆ ಒಳಗೆ ಕೂರಿಸಿ ಬೈಯಿರಿ. ಅಂದು ತಿರುಗಿಸಿಕೊಂಡ ಮುಖವನ್ನು ನಿಮ್ಮ ಮುಂದೆ ತಂದು ನಿಲ್ಲಿಸಬೇಕು, ನನಗೆ ಬೇಕಾದದ್ದು ಅಷ್ಟೇ.

ನಿಮ್ಮ ಕಣ್ಣು ಮಂಜಾಗದಿರಲಿ, ಮೊಣಕಾಲು ನೋಯದಿರಲಿ. ನಿಮ್ಮ ಕಾಲಿಗೆ ನಮಸ್ಕಾರಗಳೊಂದಿಗೆ,

ನಿಮ್ಮ
ಗಿಡ್ಡ ಬೆರಳಿನವಳು